ಸೀಲು ಒಡೆಯದ ಲಾರಿ

2025ರ ಅಕ್ಟೋಬರ್ 4, ಶನಿವಾರ. ಬೆಳಿಗ್ಗೆ 10 ಗಂಟೆ 20 ನಿಮಿಷಕ್ಕೆ ದೂರು ಠಾಣೆಗೆ ಬಂತು. ಬಂತು ಅನ್ನುವುದಕ್ಕಿಂತ ಕಾಲರ್ ಹಿಡಿದು ಎಳೆದುಕೊಂಡು ಬಂದರು ಅನ್ನುವುದೇ ಸರಿ. ನರಸಾಪುರ ಕೈಗಾರಿಕಾ ಪ್ರದೇಶದ ತಾಮ್ರದ ತಂತಿ ಕಾರ್ಖಾನೆಯ ನಾಲ್ವರು ಸೆಕ್ಯೂರಿಟಿ ಗಾರ್ಡುಗಳು, ನಡುವೆ ತುಟಿ ಒಡೆದುಕೊಂಡ ಒಬ್ಬ ಲಾರಿ ಡ್ರೈವರ್, ಹಿಂದೆ ಕಾರಿನಿಂದ ಇಳಿದು ಕನ್ನಡಕ ಒರೆಸಿಕೊಳ್ಳುತ್ತಿದ್ದ ಮ್ಯಾನೇಜರ್ ಮುರಳಿಮೋಹನ್.

ಇನ್ಸ್‌ಪೆಕ್ಟರ್ ಗಂಗಾಲಕ್ಷ್ಮಿ ಮೇಜಿನಿಂದ ಏಳಲಿಲ್ಲ. ಡ್ರೈವರನ ಅಂಗಿಯ ಮೇಲಿನ ರಕ್ತ ನೋಡಿ ಅವಳ ಮೈ ಉರಿದುಹೋಯಿತು.

"ಇವನಿಗೆ ಹೊಡೆದಿದ್ದು ಯಾರು?"

"ಓಡೋಕ್ ನೋಡ್ದ ಮೇಡಂ, ಬಿದ್ದ" ಎಂದ ಒಬ್ಬ ಗಾರ್ಡು.

"ಓಡೋನು ನಿಮ್ಮ ಗೇಟಿಗೇ ಯಾಕ್ರೀ ಬರ್ತಾನೆ?"

ಗಾರ್ಡುಗಳು ಒಂದು ಹೆಜ್ಜೆ ಹಿಂದೆ ಸರಿದರು. ಮುರಳಿಮೋಹನ್ ಮಾತ್ರ ಕುರ್ಚಿ ತಾನೇ ಎಳೆದುಕೊಂಡು ಕೂತು, ಫೈಲು ಮೇಜಿನ ಮೇಲೆ ಇಟ್ಟ. ದೂರು ಟೈಪಾಗಿಯೇ ಬಂದಿತ್ತು. ಅಕ್ಟೋಬರ್ 1ರಂದು ಕಾರ್ಖಾನೆಯಿಂದ ಚೆನ್ನೈ ಬಂದರಿನ ಗೋದಾಮಿಗೆ 432 ಡಬ್ಬ ತಾಮ್ರದ ತಂತಿ ಹೊರಟಿತು. ಹಡಗು ಹತ್ತಿ ಹೊರದೇಶಕ್ಕೆ ಹೋಗಬೇಕಾದ ಮಾಲು. ಮೂರನೇ ತಾರೀಕು ಗೋದಾಮಿನವರು ಬಾಗಿಲು ತೆಗೆದು ಎಣಿಸಿದರೆ 396. ಮೂವತ್ತಾರು ಡಬ್ಬ ಮಾಯ. ಖರೀದಿದಾರರು ಇಡೀ ಮಾಲನ್ನೇ ಬೇಡ ಎಂದಿದ್ದಾರೆ. ಡ್ರೈವರ್ ಕದಿರೇಶ್, ಊರು ಮುಳಬಾಗಿಲು ಪಕ್ಕದ್ದು, ಇಂದು ಮುಂದಿನ ಲೋಡಿಗೆಂದು ಗೇಟಿಗೆ ಬಂದಾಗ ಹಿಡಿದೆವು.

"ಹನ್ನೆರಡು ಗಂಟೆ ಒಳಗೆ ಅರೆಸ್ಟ್ ತೋರಿಸ್ತೀರ ಅಂತ ನಿಮ್ಮ ಡಿವೈಎಸ್ಪಿ ಸಾಹೇಬ್ರು ಹೇಳಿದಾರೆ" ಎಂದ ಮುರಳಿಮೋಹನ್.

"ಅವರು ಹೇಳಿದ್ರೆ ನಂಗೂ ಹೇಳ್ತಾರೆ. ನೀವು ಹೇಳೋದು ಬೇಡ."

ಅವನು ಹೇಳಿದ್ದು ಸುಳ್ಳಲ್ಲ. ಹತ್ತೇ ನಿಮಿಷಕ್ಕೆ ಫೋನ್ ಬಂತು. 11 ಗಂಟೆ 30ಕ್ಕೆ ಎಫ್‌ಐಆರ್ ಆಯಿತು: ಭಾರತೀಯ ನ್ಯಾಯ ಸಂಹಿತೆ ಕಲಂ 316(3), ಸಾಗಣೆಗೆ ನಂಬಿ ಕೊಟ್ಟ ಮಾಲಿನಲ್ಲಿ ವಂಚನೆ. ಏಳು ವರ್ಷದವರೆಗೂ ಜೈಲು. ಸರಿಯಾಗಿ 12ಕ್ಕೆ ಕದಿರೇಶನ ದಸ್ತಗಿರಿ. ಗೋಡೆ ಗಡಿಯಾರ ನೋಡಿ ಗಂಗಾಲಕ್ಷ್ಮಿ ಲೆಕ್ಕ ಹಾಕಿದಳು. ಇಪ್ಪತ್ನಾಲ್ಕು ಗಂಟೆ. ನಾಳೆ ಭಾನುವಾರ ಮಧ್ಯಾಹ್ನ 12ರೊಳಗೆ ಇವನನ್ನು ಮ್ಯಾಜಿಸ್ಟ್ರೇಟರ ಮನೆಗೆ ಕರೆದೊಯ್ದು ನಿಲ್ಲಿಸಬೇಕು, ಇಲ್ಲವೇ ಬಿಡಬೇಕು.

"ಮೇಡಂ, ಒಂದ್ಸಲ ಜೈಲಿಗೆ ಹೋದ ಡ್ರೈವರ್‌ಗೆ ಯಾರೂ ಗಾಡಿ ಕೊಡಲ್ಲ" ಎಂದ ಕದಿರೇಶ್. "ನಂಗೆ ಬೇರೆ ಕೆಲ್ಸ ಬರಲ್ಲ."

"ಡಬ್ಬ ಎಲ್ಲಿ?"

"ನಂಗೊತ್ತಿಲ್ಲ."

"ಮುಳಬಾಗಿಲು ಹತ್ರ ಐವತ್ತು ನಿಮಿಷ ಲಾರಿ ನಿಂತಿದೆ. ಜಿಪಿಎಸ್ ಹೇಳ್ತಿದೆ. ಅಲ್ಲೇನು ಮಾಡ್ತಿದ್ದೆ?"

ಅವನು ನೆಲ ನೋಡಿದ. "ಊಟ ಮಾಡ್ದೆ."

ಸುಳ್ಳು ಹೇಳುವವರ ಮುಖವನ್ನು ಗಂಗಾಲಕ್ಷ್ಮಿ ಹದಿನಾರು ವರ್ಷದಿಂದ ನೋಡಿದ್ದಾಳೆ. ಇದು ಸುಳ್ಳೇ. ಯಾವುದರ ಸುಳ್ಳು ಅನ್ನುವುದು ಮಾತ್ರ ತಿಳಿಯಲಿಲ್ಲ.

ಶ್ರೀನಿವಾಸಪುರದ ಕಡೆಯ ಹೆಂಗಸು ಅವಳು. ಮಾವಿನಕಾಯಿ ಲಾರಿಗೆ ತುಂಬುವುದನ್ನು ಹುಟ್ಟಿದಾಗಿನಿಂದ ನೋಡಿದ್ದರೂ, ಈ ಫೈಲಿನ ಕಾಗದಗಳು ಅವಳಿಗೆ ಅರ್ಥವಾಗಲಿಲ್ಲ. ಹೆಡ್ ಕಾನ್‌ಸ್ಟೇಬಲ್ ರಾಮಚಂದ್ರಪ್ಪನನ್ನು ಕರೆದಳು. ಅವನ ಅಣ್ಣ ಕೋಲಾರದ ಮಾರ್ಕೆಟ್ಟಿನಿಂದ ಟೊಮ್ಯಾಟೊ ಲಾರಿ ಓಡಿಸುವವನು.

"ರಾಮಚಂದ್ರಪ್ಪ, ಒಂದನೇ ಕ್ಲಾಸಿನ ಹುಡುಗಿಗೆ ಹೇಳ್ದಂಗೆ ಹೇಳ್ರೀ. ಒಂದು ಡಬ್ಬ ಇಲ್ಲಿಂದ ಚೆನ್ನೈಗೆ ಹೆಂಗ್ ಹೋಗುತ್ತೆ?"

ರಾಮಚಂದ್ರಪ್ಪನಿಗೆ ಇಂಥ ಪ್ರಶ್ನೆ ಕೇಳಿದರೆ ಹಬ್ಬ. ಕಾಗದಗಳನ್ನು ಒಂದೊಂದಾಗಿ ಹರಡಿದ.

"ಮೊದ್ಲು ಖಾಲಿ ಲಾರಿ ಗೇಟಿಗೆ ಬರುತ್ತೆ ಮೇಡಂ. ಡ್ರೈವರ್ ತನ್ನ ಲೈಸೆನ್ಸು, ಪರ್ಮಿಟ್ಟು, ಕೀ ಎಲ್ಲಾ ಗೇಟಲ್ಲಿ ಕೊಟ್ಟು ಒಂದು ಟೋಕನ್ ಈಸ್ಕೋಬೇಕು. ನಂಬರ್ ಕೂಗೋ ತನಕ ಹೊರಗೆ ಕಾಯ್ಬೇಕು. ಎಂಟು ಗಂಟೇನೂ ಆಗ್ಬೋದು, ಎರಡು ದಿನಾನೂ ಆಗ್ಬೋದು. ಒಳಗೆ ಗಾಡಿ ಓಡ್ಸೋದು ಕಂಪನಿಯೋರೇ, ಡ್ರೈವರ್‌ನ ಒಳಗೆ ಬಿಡಲ್ಲ."

"ನೀರು, ಊಟ?"

"ಅವನ ಹಣೆಬರಹ. ಆಮೇಲೆ ಖಾಲಿ ಲಾರಿನ ಕಾಟಾ ಮೇಲೆ ನಿಲ್ಸಿ ತೂಕ ಮಾಡ್ತಾರೆ. ಹಮಾಲಿಗಳು ಮಾಲು ತುಂಬ್ತಾರೆ. ಅವರು ಎಣಿಸಲ್ಲ, ಎಣಿಸಿ ಸೈನ್ ಹಾಕೋನು ಡಿಸ್ಪ್ಯಾಚ್ ಸೂಪರ್‌ವೈಸರ್. ಇಲ್ಲಿ ನೋಡಿ, ನರೇಶ್ ಅಂತ. ಬಾಗಿಲು ಹಾಕಿ ನಂಬರಿನ ಸೀಲ್ ಜಡೀತಾರೆ. ಅದನ್ನ ಕತ್ತರಿಸದೆ ತೆಗೆಯಕ್ಕಾಗಲ್ಲ. ಮತ್ತೆ ತುಂಬಿದ ಲಾರಿ ಕಾಟಾ ಹತ್ಬೇಕು. ಇದು ಎಲ್‌ಆರ್, ಅಂದ್ರೆ ಮಾಲು ನಾನು ಒಪ್ಕೊಂಡೆ ಅಂತ ಲಾರಿಯೋರು ಕೊಡೋ ರಸೀದಿ. ಚೆನ್ನೈಯೋರು ಇದರ ಮೇಲೆ ಮುದ್ರೆ ಒತ್ತಿ ಕೊಟ್ರೆ ಡ್ರೈವರ್ ಜವಾಬ್ದಾರಿ ಮುಗೀತು."

"ಚೆನ್ನೈಲಿ ಸೀಲ್ ಹೆಂಗಿತ್ತು?"

"ಇಟ್ಟಂಗೇ ಇತ್ತು. ನಂಬರೂ ಸರಿಯಿದೆ. ಲಾರಿ ಲೈನಲ್ಲಿ ಒಂದು ಮಾತಿದೆ ಮೇಡಂ: ಸೀಲ್ ಇಟ್ಟಂಗಿದ್ರೆ ಡ್ರೈವರ್ ಗೆದ್ದ. ಒಳಗೆ ಏನಿದೆಯೋ ಅವನು ನೋಡೇ ಇಲ್ವಲ್ಲ, ತುಂಬಿದೋರು ಉತ್ತರ ಕೊಡ್ಬೇಕು. ಆದ್ರೆ..." ಅವನು ಒಂದು ಸಣ್ಣ ಚೀಟಿ ಎತ್ತಿ ತೋರಿಸಿದ. "ಇದು ಇವನ ಕುತ್ತಿಗೆ ಹಿಡ್ಕೊಂಡಿದೆ. ಕಾಟಾ ಚೀಟಿ. ಅಕ್ಟೋಬರ್ 1, ಬೆಳಿಗ್ಗೆ 11:20. ಹೊರಡುವಾಗ ಪೂರ್ತಿ ತೂಕ ಇತ್ತು ಅಂತಿದೆ. ಅಂದ್ಮೇಲೆ ಮಾಲು ದಾರೀಲೇ ಹೋಗಿರ್ಬೇಕು. ಬಾಗಿಲಿನ ಕೀಲಿನ ಬೋಲ್ಟ್ ಬಿಚ್ಚಿದ್ರೆ ಸೀಲ್ ಮುಟ್ಟದೆ ಬಾಗಿಲೇ ಇಳಿಸ್ಬೋದು. ಕಳ್ಳರಿಗೆ ಗೊತ್ತಿರೋ ದಾರಿ ಅದು."

ಕಾರ್ಖಾನೆಯವರೇ ಓಡಿಸಿ ತಂದಿದ್ದ ಲಾರಿ ಠಾಣೆಯ ಬೇಲಿ ಪಕ್ಕದಲ್ಲೇ ನಿಂತಿತ್ತು. ಇಬ್ಬರೂ ಹೋಗಿ ಹಿಂದಿನ ಬಾಗಿಲ ಕೀಲುಗಳನ್ನು ನೋಡಿದರು. ಬೋಲ್ಟಿನ ತಲೆಗಳ ಮೇಲೆ ಹಳೆಯ ನೀಲಿ ಬಣ್ಣ ಗಟ್ಟಿಯಾಗಿ ಕೂತಿತ್ತು. ಸ್ಪ್ಯಾನರ್ ಹಾಕಿದ ಗುರುತು ಒಂದೂ ಇರಲಿಲ್ಲ. ಬಾಗಿಲ ಮೇಲೆ ಕುಂಕುಮದ ಮೂರು ಪಟ್ಟೆ, ಒಣಗಿದ ಸೇವಂತಿಗೆ ಹಾರ. ರಾಮಚಂದ್ರಪ್ಪ ಬಣ್ಣವನ್ನು ಉಗುರಿನಿಂದ ಕೆರೆದು ನೋಡಿ, "ಇದನ್ನ ವರ್ಷದಿಂದ ಯಾರೂ ಬಿಚ್ಚಿಲ್ಲ" ಎಂದ.

ಮಾಲೂರಿನಲ್ಲಿದ್ದ ಲಾರಿ ಮಾಲೀಕನಿಗೆ ಫೋನ್ ಮಾಡಿದರೆ ಆ ಮಹಾನುಭಾವ, "ಡ್ರೈವರ್ ಮಾಡಿದ್ದಕ್ಕೆ ನಾನ್ ಹೊಣೆ ಅಲ್ಲ, ಅವನನ್ನ ಒಳಗೆ ಹಾಕಿ, ನನ್ನ ಗಾಡಿ ಬಿಡಿ" ಎಂದು ಫೋನ್ ಇಟ್ಟ. ಎಂಟು ವರ್ಷ ಅವನ ಗಾಡಿ ಓಡಿಸಿದವನು ಕದಿರೇಶ್. ಥೂ, ಇವನ ಜನ್ಮಕ್ಕಿಷ್ಟು ಎಂದು ಗಂಗಾಲಕ್ಷ್ಮಿ ಫೋನಿಗೇ ಬೈದಳು.

ಮಧ್ಯಾಹ್ನ 3 ಗಂಟೆಗೆ ಜೀಪು ಮುಳಬಾಗಿಲು ಬೈಪಾಸ್ ದಾಟಿ, ಜಿಪಿಎಸ್ ತೋರಿಸಿದ ಜಾಗದಲ್ಲಿ ನಿಂತಿತು. ರಸ್ತೆ ಪಕ್ಕದ ಬಯಲು, ಒಂದು ಬೋರ್‌ವೆಲ್, ಅದರಾಚೆ ಶೀಟಿನ ಮನೆ. ಮನೆಯಿಂದ ಹೊರಬಂದವಳು ಕದಿರೇಶನ ಹೆಂಡತಿ ಮುನಿಯಲ್ಲಮ್ಮ. ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು.

"ಬಂದ್ರಾ? ಬನ್ನಿ ಬನ್ನಿ. ನಿಂಬೆಹಣ್ಣು ಕದ್ದಿದ್ದೀವಿ, ಬರ್ಕೊಳ್ಳಿ. ಕುಂಬಳಕಾಯಿ ಕದ್ದಿದ್ದೀವಿ, ಅದನ್ನೂ ಬರ್ಕೊಳ್ಳಿ!"

"ಬಾಯಿ ಹಿಡಿತದಲ್ಲಿರ್ಲಿ ಕಣಮ್ಮ. ಒಂದನೇ ತಾರೀಕು ಲಾರಿ ಇಲ್ಲಿ ಬಂದಿತ್ತಾ?"

"ಬಂದಿತ್ತು. ಆಯುಧಪೂಜೆ ದಿನ ಯಾವ ಡ್ರೈವರ್ ಗಾಡಿಗೆ ಪೂಜೆ ಮಾಡ್ದೆ ದೂರ ಹೋಗ್ತಾನೆ? ಆ ಕಂಪನಿಯೋರು ಅವರ ಮಿಷಿನ್‌ಗೆಲ್ಲ ಹಾರ ಹಾಕ್ತಾರೆ, ಡ್ರೈವರ್ ತನ್ನ ಗಾಡಿಗೊಂದು ಕರ್ಪೂರ ಹಚ್ಚಕ್ಕೆ ಜಾಗ ಕೊಡಲ್ಲ. ಅದಕ್ಕೇ ಇಲ್ಲಿಗೆ ತಂದ. ತೊಳೆದು, ಪೂಜೆ ಮಾಡಿ, ಹೋಳಿಗೆ ತಿಂದು ಹೋದ. ದಾರಿ ಬಿಟ್ಟು ಗಾಡಿ ನಿಲ್ಸಿದ್ರೆ ಮಾಲೀಕ ಕೆಲ್ಸದಿಂದ ತೆಗೀತಾನೆ ಅಂತ ಬಾಯಿ ಬಿಟ್ಟಿಲ್ಲ ಹುಚ್ಚ, ಪಿಚ್ಚೋಡು!"

ಬಯಲಿನಲ್ಲಿ ಗಾಲಿಗೆ ಸಿಕ್ಕಿ ಚಪ್ಪಟೆಯಾದ ನಾಲ್ಕು ನಿಂಬೆಹಣ್ಣು, ಕುಂಕುಮ ಹತ್ತಿದ ಕುಂಬಳಕಾಯಿ ಚೂರುಗಳು. ಗಾಲಿಯ ಅಚ್ಚು ಲಾರಿಯದೊಂದೇ, ಬೇರೆ ಗಾಡಿ ಹತ್ತಿರ ಬಂದ ಗುರುತಿಲ್ಲ. ಒಂಬತ್ತು ಕ್ವಿಂಟಲ್ ತಾಮ್ರವನ್ನು ಹೆಗಲ ಮೇಲೆ ಹೊತ್ತು ಎಲ್ಲಿಗೆ ಒಯ್ಯುತ್ತಾರೆ? ಮನೆಯೊಳಗೂ ಹೊರಗೂ ಶೋಧಿಸಿ ಪಂಚನಾಮೆ ಬರೆಸಿದ್ದಾಯಿತು. ಏನೂ ಸಿಗಲಿಲ್ಲ.

ಜೀಪು ಹತ್ತುವಾಗ ಮುನಿಯಲ್ಲಮ್ಮ ಬಾಗಿಲಿಗೆ ಅಡ್ಡ ನಿಂತಳು. "ಮೇಡಂ, ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಿದ್ದೀರ. ನಾಳೆ ಅವನನ್ನ ಜೈಲಿಗೆ ಕಳಿಸಿದ್ರೆ ನಿಮ್ಮ ಠಾಣೆ ಮುಂದೆ ಕೂತ್ಕೊಂಡು ಶಾಪ ಹಾಕ್ತೀನಿ."

ಗಂಗಾಲಕ್ಷ್ಮಿಗೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ, ಆ ಹೆಂಗಸು ಹೇಳಿದ್ದು ನಿಜ ಅನ್ನಿಸಿ ಕಸಿವಿಸಿಯಾಯಿತು. ಆದರೆ ನಿಜ ಅನ್ನಿಸಿದರೆ ಸಾಲದು. ಕಾಟಾ ಚೀಟಿ ಹಾಗೇ ಇತ್ತು.

ವಾಪಸು ಬರುವಾಗ ರಾಮಚಂದ್ರಪ್ಪ ಆ ಚೀಟಿಯನ್ನೇ ನೋಡುತ್ತಿದ್ದವನು ಇದ್ದಕ್ಕಿದ್ದಂತೆ ತೊಡೆ ತಟ್ಟಿಕೊಂಡ. "ಅಯ್ಯಯ್ಯೋ! ಮೇಡಂ, ಇದು ವಿಪರೀತ ಸರಿಯಾಗಿದೆ."

"ಹಂಗಂದ್ರೆ?"

"ಖಾಲಿ ಲಾರಿ 8,240 ಕಿಲೋ. ಡಬ್ಬಕ್ಕೆ 25ರಂತೆ 432 ಡಬ್ಬಕ್ಕೆ 10,800. ಎರಡೂ ಕೂಡಿದ್ರೆ 19,040. ಚೀಟೀಲೂ 19,040. ಇಪ್ಪತ್ತೈದು ಅನ್ನೋದು ತಂತಿ ತೂಕ ಮೇಡಂ. ರಟ್ಟಿನ ಡಬ್ಬ? ಒಳಗಿನ ಉರುಳೆ? ಅವಕ್ಕೆ ತೂಕ ಇಲ್ವಾ? ನಮ್ಮಣ್ಣನ ಟೊಮ್ಯಾಟೊ ಲಾರಿ ಜನ್ಮದಲ್ಲಿ ಒಂದು ಸಲವೂ ಲೆಕ್ಕಕ್ಕೆ ಸರಿಯಾಗಿ ತೂಗಿಲ್ಲ. ಇದು ಕಾಟಾ ಕೊಟ್ಟ ತೂಕ ಅಲ್ಲ, ಯಾರೋ ಕೂತು ಕೂಡಿದ ಲೆಕ್ಕ."

ಸಂಜೆ 5 ಗಂಟೆಗೆ ಅವರು ಕಾರ್ಖಾನೆಯ ಗೇಟಿನಲ್ಲಿದ್ದರು. ಗೇಟಿನ ಹೊರಗೆ ಧೂಳಿನಲ್ಲಿ ಮೂವತ್ತು ಲಾರಿಗಳ ಸಾಲು. ಚಕ್ರದ ನೆರಳಿನಲ್ಲಿ ಡ್ರೈವರುಗಳು ಮಲಗಿದ್ದರು. ಪೊಲೀಸ್ ಜೀಪು ನೋಡಿ ಒಬ್ಬನೂ ಏಳಲಿಲ್ಲ. ಒಬ್ಬ ಮಾತ್ರ ನೆಲಕ್ಕೆ ಉಗಿದ.

ಕಾಟಾ ಆಪರೇಟರ್ ಶ್ರೀರಾಮಪ್ಪನಿಗೆ ಐವತ್ತು ದಾಟಿತ್ತು. ತೂಕದ ಯಂತ್ರದ ಮೇಲೆ ಕುಂಕುಮ, ಅರಿಸಿನ, ವಿಭೂತಿ ಇನ್ನೂ ಮಾಸಿರಲಿಲ್ಲ. ಚೀಟಿ ಮುಂದಿಟ್ಟ ಕೂಡಲೇ ಅವನು, "ನಾನು ಕದ್ದಿಲ್ಲ ಮೇಡಂ" ಎಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

"ಕದ್ದೆ ಅಂತ ಯಾರಂದ್ರು? ಆವತ್ತು ಲಾರಿ ಕಾಟಾ ಹತ್ತಿತ್ತಾ?"

"ಹತ್ತದೆ ಚೀಟಿ ಬರುತ್ತಾ?"

"ನಾನೂ ಅದನ್ನೇ ಕೇಳ್ತಿದ್ದೀನಿ."

"ಹತ್ತಿತ್ತು. 11:20ಕ್ಕೆ. ಬೇಕಾದ್ರೆ ನಮ್ಮ ಮ್ಯಾನೇಜರ್‌ನ ಕೇಳಿ. ನಂಗೆ ಡ್ಯೂಟಿ ಇದೆ." ಮುಖ ತಿರುಗಿಸಿಕೊಂಡ. ಅಲ್ಲಿನ ಕ್ಯಾಮೆರಾ ಬಗ್ಗೆ ಕೇಳಿದರೆ, ಹದಿನೈದು ದಿನದಿಂದ ಕೆಟ್ಟಿದೆಯಂತೆ. ಮುರಳಿಮೋಹನ್ ಬಂದು, ಕಳ್ಳನನ್ನು ಬಿಟ್ಟು ತನ್ನ ಕೆಲಸಗಾರರಿಗೆ ಕಿರುಕುಳ ಕೊಟ್ಟರೆ ಮೇಲಿನವರಿಗೆ ಬರೆಯುತ್ತೇನೆ ಎಂದು ಬೆದರಿಸಿದ.

ಕಿಟಕಿಯಾಚೆ ಡಿಸ್ಪ್ಯಾಚ್ ಕೊಠಡಿಯಲ್ಲಿ ಒಬ್ಬ ಯುವಕ ನಿಂತು ಇವರನ್ನೇ ನೋಡುತ್ತಿದ್ದ. ಇನ್‌ಶರ್ಟ್ ಮಾಡಿದ ಸಪೂರ ಮನುಷ್ಯ. ಸೂಪರ್‌ವೈಸರ್ ನರೇಶ್. ಗಂಗಾಲಕ್ಷ್ಮಿ ಕರೆದು ಕೇಳಿದ್ದಕ್ಕೆ, "432 ಎಣಿಸಿ ಸೈನ್ ಹಾಕಿದ್ದೀನಿ" ಎಂದ. ಅಷ್ಟೇ. ಹೋಗುವಾಗ ತಿರುಗಿ, "ಆ ಡ್ರೈವರ್‌ಗೆ ತುಂಬಾ ಪೆಟ್ಟಾಗಿದ್ಯಾ?" ಎಂದು ಕೇಳಿದ. ಕಾರ್ಖಾನೆಯಲ್ಲಿ ಆ ಪ್ರಶ್ನೆ ಕೇಳಿದವನು ಅವನೊಬ್ಬನೇ ಎಂದು ಅವಳಿಗೆ ಆಮೇಲೆ ನೆನಪಾಯಿತು.

ಹೊರಗೆ ಬರುವಾಗ ಅವಳ ಕಣ್ಣು ಕಾಟಾದ ಕಬ್ಬಿಣದ ಹಲಗೆಯ ಮೇಲೆ ಬಿತ್ತು. ಗಾಲಿಗಳು ಉಜ್ಜಿ ಹೋಗಿದ್ದರೂ ಅಂಚಿನಲ್ಲಿ ಬಿಳಿ, ಕೆಂಪು, ಹಸಿರು ಪುಡಿ.

"ಇಲ್ಲಿ ರಂಗೋಲಿ ಹಾಕಿದ್ದು ಯಾರು?"

"ಹೌಸ್‌ಕೀಪಿಂಗ್ ಭಾರತಮ್ಮ" ಎಂದ ಗಾರ್ಡು. "ಪ್ರತಿ ವರ್ಷ ಅವಳೇ."

ಭಾನುವಾರ, ಅಕ್ಟೋಬರ್ 5. ಬೆಳಿಗ್ಗೆ 7 ಗಂಟೆಗೆ ನರಸಾಪುರದಲ್ಲಿ ಭಾರತಮ್ಮ ಹಿಂದಿನ ದಿನದ ಪಾತ್ರೆ ತೊಳೆಯುತ್ತಿದ್ದಳು. ಪೊಲೀಸರನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ.

"ನಾನೇನೂ ನೋಡಿಲ್ಲ, ನಂಗೇನೂ ಗೊತ್ತಿಲ್ಲ. ಇರೋ ಒಂದು ಕೆಲ್ಸ ಕಳೀಬೇಡಿ ತಾಯಿ, ಹೋಗಿ."

ಗಂಗಾಲಕ್ಷ್ಮಿ ಕಲ್ಲಿನ ಮೇಲೆ ಕೂತಳು. "ಕಾಟಾ ಮೇಲೆ ರಂಗೋಲಿ ನೀವು ಹಾಕಿದ್ದಂತೆ. ಆದ್ರೆ ಪೂಜೆ ಆಗ್ತಿದ್ದಂಗೇ ಅದರ ಮೇಲೆ ಲಾರಿ ಹತ್ತಿಸಿದ್ರಂತೆ ಪಾಪ. ಶ್ರೀರಾಮಪ್ಪನೇ ಹೇಳ್ದ."

ಪಾತ್ರೆ ಕೈಯಿಂದ ಜಾರಿತು. "ಯಾವ ಬಾಯಲ್ಲಿ ಹೇಳ್ದ ಅವನು? ನನ್ನ ರಂಗೋಲಿ ಮೇಲೆ ಗಾಲಿ? ಬೆಳಿಗ್ಗೆ ಆರಕ್ಕೆ ಬಂದು ಎರಡು ಗಂಟೆ ಸೊಂಟ ಬಗ್ಗಿಸಿ ಹಾಕಿದ್ದೀನಿ. ಮಾರನೇ ದಿನದವರೆಗೂ ಒಂದು ಇರುವೆ ಹತ್ತಿಸಿಲ್ಲ. ಹಬ್ಬದ ದಿನ ಪೂಜೆ ಮಾಡಿದ ಮಿಷಿನ್ ಮುಟ್ಬಾರ್ದು ಅಂತ ಶ್ರೀರಾಮಪ್ಪನೇ ಸ್ವಿಚ್ ಆರಿಸಿ, ಆ ಲಾರಿನ ಪಕ್ಕದ ಬಸ್ ದಾರೀಲಿ ಕಳಿಸ್ದ!"

"ನಾನು ನಂಬ್ಬೇಕಲ್ಲ."

ಭಾರತಮ್ಮ ಸೀರೆಗೆ ಕೈ ಒರೆಸಿಕೊಂಡು ಒಳಗೋಡಿ ಮೊಬೈಲ್ ತಂದಳು. ಸ್ಟೇಟಸ್ಸಿಗೆ ಹಾಕಲು ತೆಗೆದ ಫೋಟೋ. ಹಲಗೆಯ ತುಂಬ ಹರಡಿದ ಎಂಟು ದಳದ ರಂಗೋಲಿ, ಒಂದು ಗೆರೆಯೂ ಕದಡಿಲ್ಲ. ಫೋಟೋ ತೆಗೆದ ಸಮಯ ಅಕ್ಟೋಬರ್ 1, ಮಧ್ಯಾಹ್ನ 12:10. ಗೇಟಿನ ಪುಸ್ತಕದ ಪ್ರಕಾರ ಲಾರಿ ಹೊರಬಿದ್ದಿದ್ದು 11:40ಕ್ಕೆ.

ರಾಮಚಂದ್ರಪ್ಪ ಮೊಬೈಲಿಗೆ ಕೈ ಮುಗಿಯುವುದೊಂದು ಬಾಕಿ.

7 ಗಂಟೆ 50ಕ್ಕೆ ಶ್ರೀರಾಮಪ್ಪನ ಮನೆ. ಫೋಟೋ ನೋಡಿದ ಮೇಲೆ ಅವನು ಕೈ ಮುಗಿದ. "ದೇವರಾಣೆ ಮೇಡಂ, ಕಳ್ಳತನ ನಂಗೊತ್ತಿಲ್ಲ. ಪ್ರತಿ ವರ್ಷ ಹಬ್ಬದ ದಿನ 'ತೂಕ ಆಗಿಲ್ಲ' ಅಂತ ಬರೆದು ಕಳಿಸ್ತಿದ್ದೆ. ಈ ಹೊಸ ಮ್ಯಾನೇಜರ್ ಚೀಟಿ ಇಲ್ದೆ ಒಂದು ಗಾಡೀನೂ ಹೋಗ್ಬಾರ್ದು ಅಂದ. ಪೂಜೆ ಮಾಡಿದ ಕಾಟಾ ಮೇಲೆ ಗಾಲಿ ಹತ್ತಿಸಕ್ಕೆ ಮನಸ್ಸು ಬರ್ಲಿಲ್ಲ. ಹಿಂದಿನ ದಿನ ತೂಗಿದ ಖಾಲಿ ಲಾರಿ ತೂಕಕ್ಕೆ ಡಬ್ಬದ ಲೆಕ್ಕ ಕೂಡಿ ಚೀಟಿ ಹೊಡೆದು, ಕವರಲ್ಲಿಟ್ಟು ಕೊಟ್ಟೆ."

"ನಿನ್ನೆ ಆ ಡ್ರೈವರ್ ರಕ್ತ ಸುರಿಸ್ಕೊಂಡು ನಿಂತಾಗ ಬಾಯಿಗೆ ಏನಾಗಿತ್ತು?"

ಶ್ರೀರಾಮಪ್ಪ ಅಳತೊಡಗಿದ. ಅವನ ಅಳು ನೋಡುವಷ್ಟು ತಾಳ್ಮೆ ಗಂಗಾಲಕ್ಷ್ಮಿಗಿರಲಿಲ್ಲ. ಹೇಳಿಕೆ ಬರೆಸಿ ಸಹಿ ಹಾಕಿಸಿದಳು.

ಈಗ ದಾರಿ ಒಂದೇ ಉಳಿಯಿತು. ಲಾರಿ ತೂಗಲೇ ಇಲ್ಲ, ಬಾಗಿಲು ಬಿಚ್ಚಿಲ್ಲ, ಸೀಲು ಒಡೆದಿಲ್ಲ. ಅಂದಮೇಲೆ ಮೂವತ್ತಾರು ಡಬ್ಬ ಲಾರಿ ಹತ್ತಲೇ ಇಲ್ಲ. 432 ಅಂತ ಹೇಳುವುದಕ್ಕೆ ಉಳಿದಿದ್ದು ಒಬ್ಬನ ಸಹಿ ಮಾತ್ರ. ಡಬ್ಬಗಳು ಮೊದಲೇ ಬೇರೆ ದಾರಿಯಲ್ಲಿ ಹೊರಬಿದ್ದಿರಬೇಕೆಂದು, ಗೇಟಿಗೆ ಹೋಗಿ ಹೊರಹೋಗುವ ಸಾಮಾನಿನ ಸೆಪ್ಟೆಂಬರ್ ತಿಂಗಳ ಪಾಸ್ ಪುಸ್ತಕ ತೆರೆಸಿದಳು. ಕೆಲಸಗಾರರು ಮುರಿದ ಮರದ ಹಲಗೆಗಳನ್ನು ಸೌದೆಗೆಂದು ಪುಕ್ಕಟೆ ಒಯ್ಯುವ ರೂಢಿ ಅಲ್ಲಿತ್ತು. ಅದನ್ನು ತೂಗುವವರೂ ಇಲ್ಲ, ಕೆದಕುವವರೂ ಇಲ್ಲ. ನರೇಶನ ಹೆಸರಿನಲ್ಲಿ ಆರು ಸಲ, ಗೂಡ್ಸ್ ಆಟೊದಲ್ಲಿ.

"ಅವನ ಮನೇಲಿ ಎಷ್ಟು ಜನ?"

"ಅವನು, ಅವರಮ್ಮ" ಎಂದ ಗಾರ್ಡು.

"ಇಬ್ಬರಿಗೆ ತಿಂಗಳಿಗೆ ಆರು ಗಾಡಿ ಸೌದೆ! ಮದುವೆ ಮನೇಗೂ ಬೇಡ ಅಷ್ಟು" ಎಂದ ರಾಮಚಂದ್ರಪ್ಪ.

9 ಗಂಟೆ 30ಕ್ಕೆ ನರೇಶನ ಊರು ಹುತ್ತೂರು. ಊರಿನಾಚೆ ಹಿಪ್ಪುನೇರಳೆ ತೋಟದ ನಡುವೆ ಮನೆ. ಪಕ್ಕದಲ್ಲಿ ರೇಷ್ಮೆ ಹುಳು ಸಾಕುವ ಉದ್ದನೆಯ ಶೆಡ್ಡು, ಈಗ ಹುಳುಗಳಿಲ್ಲ. ಪಂಚರಾಗಿ ಬನ್ನಿ ಎಂದು ಕರೆದರೆ ಊರಿನ ಒಬ್ಬನೂ ಬರಲಿಲ್ಲ. ಟೀ ಅಂಗಡಿ ಮುಂದಿದ್ದವರು ಎದ್ದು ಹೋದರು. ಕೊನೆಗೆ ಪಕ್ಕದ ಊರಿನಿಂದ ಇಬ್ಬರನ್ನು ಕರೆತರಬೇಕಾಯಿತು.

ನರೇಶ್ ಜಗಲಿಯ ಮೇಲೆ ಕೂತಿದ್ದ, ಕಾಯುತ್ತಿದ್ದವನಂತೆ. ಶೆಡ್ಡಿನ ಬೀಗದ ಕೈ ಕೇಳಿದಾಗ ಜೇಬಿನಿಂದ ತೆಗೆದು ಕೊಟ್ಟ. ಅಡ್ಡ ಬಂದವಳು ತಾಯಿ ಶಾಮಲಮ್ಮ.

"ಇವತ್ತು ಬಂದ್ರಾ ಪೊಲೀಸ್ನೋರು? ಆವತ್ತು ಫೋನ್ ಮೇಲೆ ಫೋನ್ ಮಾಡ್ದೆ, ಆವತ್ತು ಎಲ್ಲಿ ಸತ್ತಿದ್ರಿ?"

"ಯಾವತ್ತು?"

"ಅಮ್ಮಾ, ಬಿಡು" ಎಂದ ನರೇಶ್.

ಶೆಡ್ಡಿನೊಳಗೆ, ಹಲಗೆಗಳ ರಾಶಿಯ ಹಿಂದೆ, ಆರರಂತೆ ಆರು ಸಾಲಾಗಿ ಮೂವತ್ತಾರು ಡಬ್ಬ. ಒಂದರ ಟೇಪೂ ಕಿತ್ತಿರಲಿಲ್ಲ. ಒಂದು ಗೇಣು ತಂತಿಯೂ ಮಾರಿರಲಿಲ್ಲ. ಹದಿನಾರು ವರ್ಷದಲ್ಲಿ ಗಂಗಾಲಕ್ಷ್ಮಿ ಇಂಥ ಕಳ್ಳಮಾಲು ಕಂಡಿರಲಿಲ್ಲ. ಮಹಜರು ನಡೆಯಿತು. 10 ಗಂಟೆ 40ಕ್ಕೆ ನರೇಶನ ದಸ್ತಗಿರಿ. ಅಂಗಶೋಧನೆಯಲ್ಲಿ ಒಂದು ಪರ್ಸು, ಪರ್ಸಿನಲ್ಲಿ ಪ್ಲಾಸ್ಟಿಕ್ ಹೊದಿಸಿದ ಒಂದು ಹಳೇ ಕಾಗದದ ಚೂರು. ಕಾರ್ಖಾನೆಯ ಗೇಟ್ ಟೋಕನ್, ನಂಬರ್ 47, ದಿನಾಂಕ 2019ರ ಮೇ 14.

11 ಗಂಟೆ 25ಕ್ಕೆ ಠಾಣೆ. ಕದಿರೇಶ್ ಬೆಂಚಿನ ಮೇಲಿದ್ದ. ಬಾಗಿಲ ಹೊರಗೆ, ಹೇಳಿದ ಮಾತಿನಂತೆ, ಮುನಿಯಲ್ಲಮ್ಮ ನೆಲದ ಮೇಲೆ ಕೂತಿದ್ದಳು. ಗಂಗಾಲಕ್ಷ್ಮಿ ಮೊದಲು ಸಾಕ್ಷ್ಯವಿಲ್ಲವೆಂದು ಕದಿರೇಶನ ಬಿಡುಗಡೆಯ ಮುಚ್ಚಳಿಕೆ ಬರೆಸಿ ಸಹಿ ಮಾಡಿದಳು. 11 ಗಂಟೆ 45. ಎಫ್‌ಐಆರಿನ ಕಲಂ 316(3) ಹೋಗಿ 316(4) ಬಂತು: ಸಾಗಿಸಿದವನಲ್ಲ, ಕೆಲಸಕ್ಕಿದ್ದವನು. ಆಮೇಲೆ ನರೇಶನ ಕಡೆ ತಿರುಗಿದಳು.

"ಹೇಳು."

"ವೆಂಕಟರಾಯಪ್ಪ ಅಂತ ನಮ್ಮಪ್ಪ. ಲಾರಿ ಡ್ರೈವರು. ಇದೇ ಗೇಟು. ಎರಡು ದಿನ ಸಾಲಲ್ಲಿ ನಿಂತಿದ್ರು, ಮೇ ತಿಂಗಳ ಬಿಸಿಲು. ಎದೆ ನೋವು ಬಂತು. ಲೈಸೆನ್ಸ್ ಕೊಡಿ, ಕೀ ಕೊಡಿ, ಆಸ್ಪತ್ರೆಗೆ ಹೋಗ್ತೀನಿ ಅಂದ್ರು. ಟೋಕನ್ ಕೂಗೋ ತನಕ ಕೊಡಲ್ಲ ಅಂದ್ರು. ನಲವತ್ತೊಂದು ಕೂಗಿದ್ರಂತೆ. ನಲವತ್ತೇಳು ಕೂಗೋ ಹೊತ್ತಿಗೆ ಅಪ್ಪ ಇರ್ಲಿಲ್ಲ. ಅವರು ನಮ್ಮ ನೌಕರ ಅಲ್ಲ ಅಂತ ಕಂಪನಿಯೋರು ಒಂದು ಸಾಲು ಬರೆದು ಕೊಟ್ಟು ಕೈ ತೊಳ್ಕೊಂಡ್ರು."

"ಆಮೇಲೆ ನೀನು ಅಲ್ಲೇ ಕೆಲಸಕ್ಕೆ ಸೇರ್ದೆ."

"ಬೇಕಂತ್ಲೇ ಸೇರ್ದೆ. ಅವರಿಗೆ ಹೆದರಿಕೆ ಇರೋದು ಹೊರದೇಶದ ಖರೀದಿದಾರನಿಗೆ ಮಾತ್ರ. ಮಾಲು ಕಮ್ಮಿ ಬಂದ್ರೆ ಅವನು ಬಿಟ್ಟು ಹೋಗ್ತಾನೆ. ಹೋಗ್ಲಿ ಅಂತ ಮಾಡ್ದೆ."

"ಡ್ರೈವರ್ ಕತೆ?"

ನರೇಶ್ ಮೊದಲ ಸಲ ತಡವರಿಸಿದ. "ಸೀಲ್ ಇಟ್ಟಂಗಿದ್ರೆ ಡ್ರೈವರ್‌ನ ಕೇಳಂಗಿಲ್ಲ. ಹಬ್ಬದ ದಿನ ಶ್ರೀರಾಮಪ್ಪ ಲಾರಿ ತೂಗಲ್ಲ, ತೂಕ ಇಲ್ಲ ಅಂತ್ಲೇ ಬರೀತಾರೆ. ಅದಕ್ಕೇ ಆ ದಿನ ನೋಡ್ದೆ. ಸುಳ್ಳು ಚೀಟಿ ಇದೆ ಅಂತ ನಿನ್ನೆ ಬೆಳಿಗ್ಗೆ ಗೊತ್ತಾಯ್ತು."

"ನಿನ್ನೆ ಗೇಟಲ್ಲಿ ಇವನನ್ನ ಹೊಡೆಯುವಾಗ ಎಲ್ಲಿದ್ದೆ?"

"ಕಿಟಕಿ ಹತ್ರ."

"ನೋಡ್ತಿದ್ದೆ."

"ನೋಡ್ತಿದ್ದೆ ಮೇಡಂ."

ಬೆಂಚಿನಿಂದ ಕದಿರೇಶ್ ಎದ್ದ. ಹೊಡೆಯುತ್ತಾನೆಂದು ರಾಮಚಂದ್ರಪ್ಪ ಅಡ್ಡ ಬಂದ. ಅವನು ಹೊಡೆಯಲಿಲ್ಲ. "ನಿಮ್ಮಪ್ಪ ಸಾಯೋದನ್ನ ಆ ಗೇಟಿನೋರು ನಿಂತು ನೋಡಿದ್ರು ಅಂತ ಅಳ್ತೀಯ" ಎಂದ. "ನೀನೂ ನಿಂತ್ಕೊಂಡು ನೋಡ್ದೆ ಕಣೋ. ಏನ್ ವ್ಯತ್ಯಾಸ?"

ಕೇಸ್ ಡೈರಿಯಲ್ಲಿ ಉದ್ದೇಶ ಎಂಬ ಕಡೆ ಗಂಗಾಲಕ್ಷ್ಮಿ ಬಹಳ ಹೊತ್ತು ಪೆನ್ನು ಹಿಡಿದು ಕೂತಳು. ಲಾಭ ಎಂದು ಬರೆಯುವ ಹಾಗಿರಲಿಲ್ಲ. "ಆರೋಪಿಯ ತಂದೆ, ಟೋಕನ್ ನಂ. 47. ಸಕಾಲದಲ್ಲಿ ಕರೆಯಲಿಲ್ಲ" ಎಂದು ಬರೆದಳು. ಸುಳ್ಳು ದಾಖಲೆಗಾಗಿ ಶ್ರೀರಾಮಪ್ಪನಿಗೂ, ಹಲ್ಲೆಗಾಗಿ ನಾಲ್ವರು ಗಾರ್ಡುಗಳಿಗೂ ನೋಟಿಸು ಹೋಯಿತು. ಮುರಳಿಮೋಹನ್ ಫೋನಿನಲ್ಲಿ ಧನ್ಯವಾದ ಹೇಳಿದ. ಅವಳು ಪೂರ್ತಿ ಕೇಳಿಸಿಕೊಳ್ಳದೆ ಕಟ್ ಮಾಡಿದಳು.

ಕದಿರೇಶನ ಲೈಸೆನ್ಸು ಮತ್ತು ಪರ್ಮಿಟ್ ಶನಿವಾರದಿಂದ ಗೇಟಿನಲ್ಲೇ ಇದ್ದವು. ಮಧ್ಯಾಹ್ನ 3 ಗಂಟೆಗೆ ಅವಳೇ ಅವನನ್ನು ಜೀಪಿನಲ್ಲಿ ಕರೆದುಕೊಂಡು ಹೋದಳು. ಗೇಟಿನಲ್ಲಿ ಹೊಸ ಗಾರ್ಡು. ತಲೆಯೆತ್ತದೆ, "ಪೇಪರ್ ವಾಪಸ್ಸಾ? ಟೋಕನ್ ತಗೊಂಡು ಲೈನಲ್ಲಿ ಇರಿ" ಎಂದ.

ಗಂಗಾಲಕ್ಷ್ಮಿಗೆ ನೆತ್ತಿಗೇರಿತು. ಕಿಟಕಿಯ ಹಲಗೆ ಬಡಿದು, ಇವನ ಕಾಗದ ಈ ಕ್ಷಣ ಹೊರಗೆ ಬರಬೇಕು, ಇಲ್ಲದಿದ್ದರೆ ಪೆಟ್ಟಿಗೆ ಸಮೇತ ಜಪ್ತಿ ಮಾಡುತ್ತೇನೆ ಎಂದು ಕೂಗಾಡಿದಳು. ಗಾರ್ಡು ಗಾಬರಿಯಾಗಿ ಹುಡುಕತೊಡಗಿದ. ಎರಡು ನಿಮಿಷಕ್ಕೆ ಲೈಸೆನ್ಸೂ ಪರ್ಮಿಟ್ಟೂ ಕೈಗೆ ಬಂದವು. ಅವನ್ನು ಹಿಡಿದು ಹಿಂದೆ ತಿರುಗಿದರೆ ಕದಿರೇಶ್ ಇರಲಿಲ್ಲ.

ಅವನು ಅಷ್ಟರಲ್ಲಿ ಪಕ್ಕದ ಕಿಟಕಿಯಲ್ಲಿ ಟೋಕನ್ ಪಡೆದು, ಸಾಲಿನ ಕೊನೆಯ ಲಾರಿಯ ಚಕ್ರದ ನೆರಳಿಗೆ ಹೋಗಿ ಕೂತಿದ್ದ.